ಎಂಜಿನ್ ಕಾಯುವ ಚಿಟಿಕೆ ಮೇಣ

ನನ್ನ ಹಳೇ ಮಾರುತಿ 800 ಕಾರಿನ ಟೆಂಪರೇಚರ್ ಮುಳ್ಳು ಏಳುತ್ತಲೇ ಇರಲಿಲ್ಲ. ಜನವರಿ ಬೆಳಗ್ಗೆ ಮೈಸೂರಿನಲ್ಲಿ ಹೊರಟರೆ ಮಂಡ್ಯ ದಾಟಿದರೂ ಅದು ತಳದಲ್ಲೇ ಮಲಗಿರುತ್ತಿತ್ತು. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡ ಹೊಸತು. ಎಂಜಿನ್ ಇಷ್ಟು ತಣ್ಣಗಿದೆಯಲ್ಲ, ಪುಣ್ಯ ಅಂದುಕೊಂಡು ಖುಷಿಯಾಗಿದ್ದೆ. ಮೈಲೇಜ್ ಮಾತ್ರ ಲೀಟರಿಗೆ 12ರ ಮೇಲೆ ಹತ್ತಲಿಲ್ಲ. ಅದನ್ನು ಕಾರಿನ ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡೆ.

ಒಂದು ಭಾನುವಾರ ಬಾನೆಟ್ ಎತ್ತಿ, ಆಯಿಲ್ ತುಂಬುವ ಮುಚ್ಚಳ ತಿರುಗಿಸಿದೆ. ಮುಚ್ಚಳದ ಒಳಮೈಗೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ಲೋಳೆ ಮೆತ್ತಿಕೊಂಡಿತ್ತು. ಬೆರಳಲ್ಲಿ ತೆಗೆದರೆ ಬೆಣ್ಣೆಯ ಹಾಗೆ ಜಾರಿತು. ಎಂಜಿನ್ನಿನ ನೀರು, ಆಯಿಲ್ ಒಂದಕ್ಕೊಂದು ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿ, ಆಯಿಲಿಗೆ ನೀರು ಬೆರೆತರೂ ಹೀಗೇ ಆಗುತ್ತದೆ. ಎದೆ ಧಸಕ್ಕೆಂದಿತು. ಆದರೆ ರೇಡಿಯೇಟರಿನಲ್ಲಿ ನೀರು ಕಮ್ಮಿಯಾಗಿರಲಿಲ್ಲ. ಡಿಪ್‌ಸ್ಟಿಕ್ಕಿಗೆ ಹತ್ತಿದ ಆಯಿಲ್ ಸರಿಯಾಗೇ ಇತ್ತು. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಹಾಗಾದರೆ ಲೋಳೆಯೊಳಗಿನ ಈ ನೀರು ಎಲ್ಲಿಂದ ಬಂತು?

ಪೆಟ್ರೋಲಿನಿಂದ. ಇದನ್ನು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಉರಿದರೆ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಮ್ಮಿ ಒಂದು ಲೀಟರ್ ನೀರು! ಬಹುಪಾಲು ಹಬೆಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ಬೆಳಗಿನ ಹೊತ್ತು ಪೈಪಿನ ತುದಿಯಲ್ಲಿ ತೊಟ್ಟಿಕ್ಕುವುದು ಇದೇ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ನುಸುಳಿ ಕೆಳಗಿನ ಆಯಿಲಿಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅಲ್ಲಿಂದಲೂ ಆವಿಯಾಗಿ ಹೊರಟುಹೋಗುತ್ತದೆ. ಕಾಯದಿದ್ದರೆ ಅಲ್ಲೇ ಉಳಿದು, ಆಯಿಲಿನ ಜೊತೆ ಕಡೆದು ಮಜ್ಜಿಗೆಯಾಗುತ್ತದೆ.

ನನ್ನ ಎಂಜಿನ್ ಕಾಯುತ್ತಲೇ ಇರಲಿಲ್ಲ. ರೇಡಿಯೇಟರಿನ ಮೇಲಿನ ಹೋಸ್ ಎಂಜಿನ್ನಿಗೆ ಸೇರುವ ಕಡೆ ಒಂದು ಅಲ್ಯೂಮಿನಿಯಂ ಮುಚ್ಚಳ ಇರುತ್ತದೆ. ಅದರ ಬೋಲ್ಟ್ ಬಿಚ್ಚಿ ಎತ್ತಿ ನೋಡಿದೆ. ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಕೂರಬೇಕಾದ ಜಾಗ ಖಾಲಿ.

ಹಿಂದಿನ ಮಾಲೀಕರ ಗಾಡಿ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಮುಚ್ಚಿಡಲೂ ಇಲ್ಲ. “ನಾನೇ ತೆಗ್ದಿದ್ದು ಸಾರ್. ಅದು ಫಾರಿನ್ ಚಳಿಗೆ ಮಾಡಿರೋದು. ನಮ್ಮ ಬಿಸಿಲಿಗೆ ಯಾಕೆ? ಸುಮ್ನೆ ಓಡ್ಸಿ, ಎಂಜಿನ್ ಕೂಲಾಗಿರುತ್ತೆ.”

ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದರ ಬಗ್ಗೆ ನನ್ನದೇನೂ ತಕರಾರಿಲ್ಲ. ಅದರಿಂದ ಎಂಜಿನ್ ಸವೆಯುವುದಿಲ್ಲ. ಆದರೆ ಈ ‘ಫಾರಿನ್ ಚಳಿ’ಯ ಮೂಢನಂಬಿಕೆ ಇದೆಯಲ್ಲ, ಇದು ಸವೆಸುತ್ತದೆ. ನನ್ನ ಗಾಡಿಯ ವಾಲ್ವ್ ಎಷ್ಟು ಬಿಸಿಗೆ ತೆರೆಯಬೇಕು ಎಂದು ಅದರ ಮೇಲೆ ಬರೆದಿರುವ ಅಂಕಿ 82 ಡಿಗ್ರಿ ಸೆಲ್ಸಿಯಸ್. ಹೊರಗೆ ಕೊಡಗಿನ 12 ಡಿಗ್ರಿ ಇರಲಿ, ರಾಯಚೂರಿನ 42 ಇರಲಿ, 82ರ ಮುಂದೆ ಎರಡೂ ಚಳಿಯೇ ಅಲ್ವಾ?

ಎಂಜಿನ್ನಿಗೆ ಬೇಕಿರುವುದು ತಂಪಲ್ಲ, ಹದವಾದ ಬಿಸಿ. ದೋಸೆ ಕಾವಲಿ ಇದ್ದ ಹಾಗೆ. ಕಾಯದ ಕಾವಲಿಗೆ ಹಿಟ್ಟು ಹೊಯ್ದರೆ ಅಂಟಿಕೊಳ್ಳುತ್ತದೆ. ಕಾಯದ ಎಂಜಿನ್ನಿಗೆ ಪೆಟ್ರೋಲ್ ಬಿಟ್ಟರೆ ಅದೂ ಆವಿಯಾಗದೆ ಗೋಡೆಗೆ ಅಂಟಿಕೊಳ್ಳುತ್ತದೆ. ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ಪೊರೆಯನ್ನು ತೊಳೆದುಹಾಕುತ್ತದೆ. ನನ್ನದು ಕಾರ್ಬುರೇಟರ್ ಗಾಡಿ. ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್ಐ ಗಾಡಿಯಾದರೆ ಆ ಕಂಪ್ಯೂಟರು ‘ಎಂಜಿನ್ ಇನ್ನೂ ಕಾದಿಲ್ಲ’ ಎಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಹೊಗೆಯಲ್ಲಿರುವ ನೀರು ತಣ್ಣನೆಯ ಗೋಡೆಯ ಮೇಲೆ ಬೆವರಿ, ಅದೇ ಹೊಗೆಯ ಅನಿಲಗಳ ಜೊತೆ ಸೇರಿ ಆಮ್ಲವಾಗುತ್ತದೆ. 1930ರ ದಶಕದಲ್ಲಿ ಬ್ರಿಟನ್ನಿನ ಎಂಜಿನಿಯರುಗಳು ಸಿಲಿಂಡರುಗಳ ಸವೆತವನ್ನು ಕೂತು ಅಳೆದರು. ತಣ್ಣಗಿದ್ದಾಗಲೇ ಸವೆತ ಜಾಸ್ತಿ ಎಂದು ಆಗಲೇ ಗೊತ್ತಾಗಿತ್ತು.

ಇನ್ನು ಈ ವಾಲ್ವಿನ ಕತೆ. ಇಡೀ ಕಾರಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಒಂದು ಪುಟ್ಟ ಹಿತ್ತಾಳೆ ಬಟ್ಟಲು, ಅದರೊಳಗೆ ಚಿಟಿಕೆ ಮೇಣ, ನಡುವೆ ಒಂದು ಕಡ್ಡಿ, ಸುತ್ತ ಒಂದು ಸ್ಪ್ರಿಂಗ್. ವೈರಿಲ್ಲ, ಬ್ಯಾಟರಿ ಬೇಡ. ನೀರು 82 ಡಿಗ್ರಿ ಮುಟ್ಟುವವರೆಗೆ ರೇಡಿಯೇಟರಿನ ದಾರಿ ಮುಚ್ಚಿರುತ್ತದೆ. ನೀರು ಎಂಜಿನ್ನಿನೊಳಗೇ ಸುತ್ತುತ್ತಾ ಬೇಗ ಕಾಯುತ್ತದೆ. ಆಮೇಲೆ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯುತ್ತದೆ. ತಣ್ಣೀರು ಜಾಸ್ತಿ ಬಂತೋ, ಮತ್ತೆ ಅಷ್ಟು ಮುಚ್ಚುತ್ತದೆ.

ಮೇಣವೇ ಯಾಕೆ? ನೀರು ಗಟ್ಟಿಯಾಗುವಾಗ ಹಿಗ್ಗುತ್ತದೆ. ಫ್ರಿಜ್ಜಿನ ಟ್ರೇನಲ್ಲಿ ಐಸ್ ಗುಬ್ಬಿಯಂತೆ ಉಬ್ಬಿಕೊಂಡಿರುವುದು ಅದಕ್ಕೆ. ಮೇಣದ್ದು ಇದರ ತಿರುಗಾ ಮುರುಗಾ. ಕರಗುವಾಗ ಹಿಗ್ಗುತ್ತದೆ, ಗಟ್ಟಿಯಾಗುವಾಗ ಕುಗ್ಗುತ್ತದೆ. ಕರಗಿದ ಮೇಣವನ್ನು ಲೋಟಕ್ಕೆ ಹೊಯ್ದು ಆರಲು ಬಿಡಿ, ಮಧ್ಯದಲ್ಲಿ ಗುಳಿ ಬಿದ್ದಿರುತ್ತದೆ. ಕರಗಿದ ಮೇಣಕ್ಕೆ ನೂರಕ್ಕೆ ಹತ್ತು ಹದಿನೈದು ಪಾಲು ಜಾಸ್ತಿ ಜಾಗ ಬೇಕು. ಜಾಗವೇ ಇಲ್ಲದ ಹಿತ್ತಾಳೆ ಬಟ್ಟಲಲ್ಲಿ ಅದು ಏನು ಮಾಡಬೇಕು? ಸುತ್ತಲಿಂದ ಒತ್ತುತ್ತದೆ. ನಡುವಿನ ಕಡ್ಡಿಗೆ ರಬ್ಬರಿನ ಅಂಗಿ ತೊಡಿಸಿರುತ್ತಾರೆ. ಆ ಅಂಗಿ ಹಿಂಡಿದಂತಾಗಿ ಕಡ್ಡಿ ಹೊರಕ್ಕೆ ಜಾರುತ್ತದೆ. ಮಾವಿನ ವಾಟೆಯನ್ನು ಮುಷ್ಟಿಯಲ್ಲಿ ಒತ್ತಿದರೆ ಪುಳಕ್ಕನೆ ಚಿಮ್ಮುತ್ತದಲ್ಲ, ಹಾಗೆ. ಒದ್ದೆ ಸೋಪು ಕೈಯಿಂದ ಹಾರುತ್ತದಲ್ಲ, ಹಾಗೆ. ಕಡ್ಡಿಯ ತುದಿ ಚೌಕಟ್ಟಿಗೆ ಆತುಕೊಂಡಿರುವುದರಿಂದ ಹಿಂದಕ್ಕೆ ಸರಿಯುವುದು ಬಟ್ಟಲು. ಬಟ್ಟಲಿನ ಜೊತೆ ಬಾಗಿಲೂ ಸರಿಯುತ್ತದೆ. ಮೇಣ ಆರಿದಾಗ ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುತ್ತದೆ. ಮೇಣಕ್ಕೆ ಬಿಸಿ ಬೇಗ ಹತ್ತಲಿ ಎಂದು ತಾಮ್ರದ ಪುಡಿಯನ್ನೂ ಬೆರೆಸುವುದುಂಟು. ಯಾವ ಡಿಗ್ರಿಗೆ ಕರಗುವ ಮೇಣ ತುಂಬುತ್ತಾರೋ ಆ ಡಿಗ್ರಿಗೆ ತೆರೆಯುವ ವಾಲ್ವ್. ಎಷ್ಟು ಚೆಂದ!

ತಾನಾಗಿ ಬಿಸಿ ನೋಡಿಕೊಳ್ಳುವ ಯಂತ್ರದ ಆಸೆ ಹಳೆಯದು. 17ನೇ ಶತಮಾನದ ಆರಂಭದಲ್ಲೇ ಹಾಲೆಂಡಿನ ಕಾರ್ನೆಲಿಸ್ ಡ್ರೆಬ್ಬೆಲ್ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆ ಇಂಥದ್ದೊಂದನ್ನು ಮಾಡಿದ್ದ. ಬಿಸಿಗೆ ಹಿಗ್ಗಿದ ಸ್ಪಿರಿಟ್ ಪಾದರಸವನ್ನು ತಳ್ಳಿ, ಒಲೆಗೆ ಗಾಳಿ ಬಿಡುವ ಕಿಂಡಿಯನ್ನು ಮುಚ್ಚುತ್ತಿತ್ತು. ಮೊದಮೊದಲ ಕಾರುಗಳಿಗೆ ಅಷ್ಟೂ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಬಹುಪಾಲಿಗೆ ವಾಟರ್ ಪಂಪೇ ಇಲ್ಲ. ಬಿಸಿನೀರು ಮೇಲೇರಿ ರೇಡಿಯೇಟರಿಗೆ ಹೋಗುತ್ತಿತ್ತು, ತಣ್ಣೀರು ಕೆಳಗಿಂದ ಬರುತ್ತಿತ್ತು. ನಮ್ಮ ತಾರಸಿಯ ಸೋಲಾರ್ ಹೀಟರ್ ಇವತ್ತಿಗೂ ಮಾಡುವುದು ಅದನ್ನೇ. ಆಮೇಲೆ ಬಂದ ಥರ್ಮೋಸ್ಟಾಟುಗಳಲ್ಲಿ ಮೇಣ ಇರಲಿಲ್ಲ, ಬೇಗ ಆವಿಯಾಗುವ ದ್ರವ ತುಂಬಿದ ಹಿತ್ತಾಳೆಯ ತಿದಿ ಇತ್ತು. ಅದಕ್ಕೊಂದು ಕಾಯಿಲೆ: ಸುತ್ತಲಿನ ನೀರಿನ ಒತ್ತಡ ಜಾಸ್ತಿಯಾದರೆ ತಿದಿ ಅಮುಕಿಕೊಂಡು ತಡವಾಗಿ ತೆರೆಯುತ್ತಿತ್ತು. ಕರಗಿದ ಮೇಣವನ್ನು ಹಾಗೆ ಅಮುಕಲು ಆಗುವುದಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಸರ್ಜಿಯಸ್ ವರ್ನೆಟ್ ಎಂಬ ಎಂಜಿನಿಯರ್ ಮೇಣದ ವಾಲ್ವನ್ನು ರೂಪಿಸಿದರು.

ಒತ್ತಡ ಯಾಕೆ ಬಂತು ಎಂದು ಕೇಳಿದರೆ ಅಡುಗೆಮನೆಗೆ ಹೋಗಬೇಕು. ರೇಡಿಯೇಟರ್ ಕ್ಯಾಪ್ ಎಂದರೆ ಕುಕ್ಕರಿನ ವೆಯ್ಟ್. ಅದರ ಮೇಲೆ ಒತ್ತಡದ ಅಂಕಿ 0.9 ಎಂದು ಇದ್ದರೆ ಒಳಗಿನ ನೀರು 118 ಡಿಗ್ರಿ ಹತ್ತಿರ ಬರುವವರೆಗೂ ಕುದಿಯುವುದಿಲ್ಲ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97ಕ್ಕೇ ಕುದಿಯುತ್ತದೆ. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆಯಬಾರದು ಎನ್ನುವುದು ಇದಕ್ಕೇ. 115 ಡಿಗ್ರಿಯ ಮೂರು ಲೀಟರ್ ನೀರಿನ ಮೇಲಿನ ಒತ್ತಡ ಒಮ್ಮೆಲೇ ಹೋದರೆ ಸುಮಾರು 100 ಗ್ರಾಂ ನೀರು ಆ ಕ್ಷಣವೇ ಹಬೆಯಾಗುತ್ತದೆ. ನೂರು ಗ್ರಾಂ ಅಂದರೆ ಒಂದು ಸಣ್ಣ ಲೋಟ. ಹಬೆಯಾದರೆ 150 ಲೀಟರಿಗೂ ಜಾಸ್ತಿ. ಉಳಿದ ಕುದಿನೀರನ್ನು ಹೊತ್ತುಕೊಂಡು ಅದು ಹೊರಬರುವುದು ನಿಮ್ಮ ಮುಖಕ್ಕೇ. ಬಟ್ಟೆ ಸುತ್ತಿ ತೆಗೆದರೂ ತಪ್ಪೇ. ಮುಟ್ಟಿದರೆ ತಣ್ಣಗಿರಬೇಕು, ಆಮೇಲೆ ಕ್ಯಾಪಿನ ಮಾತು.

ಇಷ್ಟು ಒಳ್ಳೆಯ ವಸ್ತುವನ್ನು ಮೆಕ್ಯಾನಿಕ್‌ಗಳು ಯಾಕೆ ಕಿತ್ತು ಬಿಸಾಡುತ್ತಾರೆ? ಅವರೇನೂ ದಡ್ಡರಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟಾಗ ನಮ್ಮ ಗ್ಯಾರೇಜುಗಳು ಕೆಲಸ ಕಲಿತಿದ್ದದ್ದು ಅಂಬಾಸಿಡರ್, ಫಿಯಟ್‌ಗಳ ಮೇಲೆ. ಶಿರಾಡಿ ಘಾಟಿಯಲ್ಲಿ ಬಾನೆಟ್ ಎತ್ತಿ, ಹಳ್ಳದಿಂದ ಕೊಡದಲ್ಲಿ ನೀರು ತಂದು ಹೊಯ್ಯುತ್ತಿದ್ದ ಕಾಲ. ಹಳ್ಳದ ನೀರು, ಬೋರ್‌ವೆಲ್ ನೀರು, ಸಿಕ್ಕಿದ ನೀರು. ಬೋರ್ ನೀರಿನ ಸುಣ್ಣ ಗೀಸರಿನ ಕಾಯಿಲಿಗೆ ಕಟ್ಟುವ ಹಾಗೆ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಜೊತೆಗೆ ತುಕ್ಕು. ಇವೆರಡೂ ವಾಲ್ವಿನ ಸಂದಿಗೆ ಸೇರಿದರೆ ಅದು ತೆರೆಯದಂತೆ ಅಂಟಿಕೊಳ್ಳಬಹುದು. ಮೇಣ ಸೋರಿಹೋದ ವಾಲ್ವ್ ಸಾಮಾನ್ಯವಾಗಿ ಮುಚ್ಚಿದಂತೆಯೇ ಸಾಯುತ್ತದೆ. ಎರಡರಲ್ಲೂ ಎಂಜಿನ್ ಕುದಿಯುತ್ತದೆ. ಕಿತ್ತರೆ ಸರಿಹೋಗುತ್ತದೆ. ಕಣ್ಣೆದುರು ಕಂಡದ್ದನ್ನು ಅವರು ಶಿಷ್ಯಂದಿರಿಗೆ ಹೇಳಿಕೊಟ್ಟರು. ತಪ್ಪು ನೀರಿನದ್ದು, ಶಿಕ್ಷೆ ವಾಲ್ವಿಗೆ.

ಕಿತ್ತರೆ ನೀರು ಜೋರಾಗಿ ಓಡಿ ರೇಡಿಯೇಟರಿನಲ್ಲಿ ‘ಆರಲು ಪುರುಸೊತ್ತೇ ಸಿಗುವುದಿಲ್ಲ’ ಎಂದು ವಾಲ್ವಿನ ಪರ ವಾದಿಸುವವರೂ ಇದ್ದಾರೆ. ನನ್ನ ಪಕ್ಷದವರೇ ಆದರೂ ಅದು ತಪ್ಪು. ಅದೇ ನೀರು ಅಷ್ಟೇ ಬೇಗ ಮತ್ತೆ ಸುತ್ತಿ ಬರುತ್ತದಲ್ಲ? ಒಟ್ಟು ಲೆಕ್ಕದಲ್ಲಿ ಜೋರಾಗಿ ಓಡುವ ನೀರು ಬಿಸಿಯನ್ನು ಜಾಸ್ತಿಯೇ ಸಾಗಿಸುತ್ತದೆ.

ರೇಡಿಯೇಟರಿಗೆ ಹಾಕುವ ಬಣ್ಣದ ದ್ರವ, ಕೂಲೆಂಟ್ ಬಗ್ಗೆಯೂ ಇದೇ ಪಾಡು. ಹೆಪ್ಪುಗಟ್ಟುವ ಊರಿಗೆ ಮಾತ್ರ ಅಂತ. ನಿಜ ಹೇಳಬೇಕೆಂದರೆ ಬರೀ ಬಿಸಿ ಹೊರುವುದರಲ್ಲಿ ನೀರೇ ಮುಂದು. ನಮಗೆ ಕೂಲೆಂಟ್ ಬೇಕಿರುವುದು ಅದರಲ್ಲಿರುವ ತುಕ್ಕು ತಡೆಯುವ ಮದ್ದಿಗಾಗಿ. ಬೆರೆಸಿಕೊಳ್ಳುವ ಕೂಲೆಂಟಾದರೆ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಚೆಲ್ಲಿದ್ದನ್ನು ನಾಯಿ ನೆಕ್ಕಿದರೆ ಸಾಯಬಹುದು. ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು, ತೆಗೆದ ಹಳೇ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬಾರದು.

ಹೊಸ ವಾಲ್ವಿಗೆ ಕೆಲವು ನೂರು ರೂಪಾಯಿ ಆಯಿತು. ಹಾಕುವ ಮೊದಲು ಪರೀಕ್ಷೆ ಮಾಡಬೇಕು ಅನಿಸಿತು. ಸೀದು ಮೂಲೆ ಸೇರಿದ್ದ ಪಾತ್ರೆಯಲ್ಲಿ ನೀರಿಟ್ಟೆ. ವಾಲ್ವಿನ ಬಾಗಿಲನ್ನು ಉಗುರಲ್ಲಿ ಒತ್ತಿ, ಸಂದಿಗೆ ಒಂದು ನೂಲು ಸಿಕ್ಕಿಸಿ, ಅದೇ ನೂಲಿನಿಂದ ನೀರೊಳಗೆ ಇಳಿಬಿಟ್ಟೆ. ಬಾಗಿಲು ತೆರೆದ ಕ್ಷಣ ನೂಲು ಬಿಟ್ಟುಹೋಗಿ ವಾಲ್ವ್ ಕೆಳಗೆ ಬೀಳಬೇಕು.

ಅಮ್ಮ ಬಂದು ಪಾತ್ರೆಯೊಳಗೆ ಇಣುಕಿದರು. “ಇದೇನೋ, ಸಾರಿಗೆ ಬೋಲ್ಟ್ ಹಾಕ್ತಿದ್ದೀಯಾ?”

ಥರ್ಮಾಮೀಟರ್ 70 ದಾಟಿತು, 75 ದಾಟಿತು. ಗ್ಯಾಸ್ ಸಣ್ಣ ಮಾಡಿದೆ. 80. ಏನೂ ಇಲ್ಲ. 83ರಲ್ಲಿ ಟಣ್ ಎಂದು ತಳಕ್ಕೆ ಬಿತ್ತು. ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ಬಾಗಿಲ ಅಂಚಿನಲ್ಲಿ ಉಗುರಿನಷ್ಟು ತೆಳ್ಳಗಿನ ಸಂದಿ. ನೋಡನೋಡುತ್ತಲೇ ಅದು ಮುಚ್ಚಿಕೊಳ್ಳತೊಡಗಿತು. ಅಮ್ಮ ಇನ್ನೊಂದ್ಸಲ ಮಾಡು ಅಂದರು. ಇನ್ನೊಂದು ಸಲವೂ 83ಕ್ಕೇ ಬಿತ್ತು.

ಹಳೇ ಪ್ಯಾಕಿಂಗ್ ಕೆರೆದು, ಹೊಸದು ಕೂರಿಸಿ, ವಾಲ್ವಿನ ಅಂಚಿನಲ್ಲಿರುವ ಗಾಳಿ ಹೋಗುವ ಪುಟ್ಟ ತೂತು ಮೇಲಕ್ಕೆ ಬರುವಂತೆ ಇಟ್ಟು, ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದೆ. ಅಲ್ಯೂಮಿನಿಯಂ ಮುಚ್ಚಳ, ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಆಯಿಲ್ ಬದಲಾಯಿಸಿದೆ, ಮುಚ್ಚಳದ ಲೋಳೆ ಒರೆಸಿದೆ.

ಗಾಡಿ ಸ್ಟಾರ್ಟ್ ಮಾಡಿ ಬೀದಿಗಿಳಿದೆ. ಮುಳ್ಳು ಮೆಲ್ಲಗೆ ಎದ್ದು, ಅರ್ಧಕ್ಕಿಂತ ಒಂದು ಕೂದಲೆಳೆ ಕೆಳಗೆ ನಿಂತಿತು. ಚಾಮುಂಡಿ ಬೆಟ್ಟ ಹತ್ತುವಾಗಲೂ ಅಲ್ಲೇ, ಇಳಿಯುವಾಗಲೂ ಅಲ್ಲೇ. ಮೂರು ವಾರ ಬಿಟ್ಟು ಆಯಿಲ್ ಮುಚ್ಚಳ ತಿರುಗಿಸಿ ನೋಡಿದೆ. ಒಳಮೈಯಲ್ಲಿ ಬರೀ ಆಯಿಲ್ ಇತ್ತು.