ತಾಮ್ರದೊಳಗಿನ ಫರ್ಮಿ ಅನಿಲ: ಮೊದಲು ಎಣಿಸೋಣ

ಫರ್ಮಿಯಾನ್‌ಗಳ, ಅಂದರೆ ಒಂದೇ ಸ್ಥಿತಿಯಲ್ಲಿ ಎರಡು ಇರಲಾಗದ ಎಲೆಕ್ಟ್ರಾನಿನಂಥ ಕಣಗಳ, ಅನಿಲದ ಲೆಕ್ಕ ಅಂದ ಕೂಡಲೇ ವಿದ್ಯಾರ್ಥಿಗಳು ಫರ್ಮಿ-ಡಿರಾಕ್ ಸೂತ್ರಕ್ಕೆ ಕೈ ಹಾಕುತ್ತಾರೆ. ಯಾವ ತಾಪಮಾನದಲ್ಲಿ ಯಾವ ಸ್ಥಿತಿ ಎಷ್ಟು ತುಂಬಿರುತ್ತದೆ ಅಂತ ಹೇಳುವ ಸೂತ್ರ ಅದು. ಅದನ್ನು ಇಂಟಿಗ್ರೇಟ್ ಮಾಡಲು ಹೋಗಿ ಅರ್ಧಕ್ಕೇ ಸುಸ್ತಾಗುತ್ತಾರೆ. ನಾನು ಪಾಠ ಶುರು ಮಾಡುವಾಗ ಆ ಸೂತ್ರವನ್ನು ಬೋರ್ಡ್ ಮೇಲೆ ಬರೆಯುವುದಿಲ್ಲ. ತಾಪಮಾನ ಸೊನ್ನೆ ಕೆಲ್ವಿನ್ ಅಂದುಕೊಂಡು ಸ್ಥಿತಿಗಳನ್ನು ಸರಿಯಾಗಿ ಎಣಿಸಿದರೆ ಮುಖ್ಯ ಉತ್ತರಗಳೆಲ್ಲ ಒಂದೇ ಪುಟದಲ್ಲಿ ಬಂದುಬಿಡುತ್ತವೆ.

ತಾಮ್ರವನ್ನೇ ತೆಗೆದುಕೊಳ್ಳಿ. ಪ್ರತಿ ಪರಮಾಣು ಒಂದು ಎಲೆಕ್ಟ್ರಾನನ್ನು ಓಡಾಡಲು ಬಿಟ್ಟುಕೊಡುತ್ತದೆ. ಒಂದು ಘನಮೀಟರ್ ತಾಮ್ರದ ತೂಕ ಸುಮಾರು 8,960 ಕೆಜಿ, ಒಂದು ಮೋಲ್‌ನ ತೂಕ 63.5 ಗ್ರಾಂ. ಹಾಗಾಗಿ ಒಂದು ಘನಮೀಟರಿನಲ್ಲಿ 8.5 × 10²⁸ ಎಲೆಕ್ಟ್ರಾನ್‌ಗಳು. ಇವು ಒಂದನ್ನೊಂದು ತಳ್ಳುವುದನ್ನು ಸದ್ಯಕ್ಕೆ ಮರೆತುಬಿಡೋಣ.

ತಾಮ್ರದ ತುಂಡನ್ನು ಒಂದು ಪೆಟ್ಟಿಗೆ ಅಂದುಕೊಳ್ಳಿ, ಎಲೆಕ್ಟ್ರಾನ್‌ಗಳನ್ನು ಅದರೊಳಗಿನ ಅಲೆಗಳು ಅಂದುಕೊಳ್ಳಿ. ಪೆಟ್ಟಿಗೆಯೊಳಗೆ ಕೂರುವ ಅಲೆಗಳಿಗೆ ಮನಸ್ಸಿಗೆ ಬಂದ ತರಂಗಸಂಖ್ಯೆ (ಅಲೆ ಎಷ್ಟು ಒತ್ತೊತ್ತಾಗಿದೆ ಅನ್ನುವ ಅಳತೆ) ಇರಲು ಸಾಧ್ಯವಿಲ್ಲ. ಕೆಲವಕ್ಕೆ ಮಾತ್ರ ಅವಕಾಶ. ತರಂಗಸಂಖ್ಯೆಯ ನಕ್ಷೆಯಲ್ಲಿ ಅವು ಸಮನಾದ ಅಂತರದ ಚುಕ್ಕೆಗಳಾಗಿ ಕಾಣುತ್ತವೆ. ಪೌಲಿ 1925ರಲ್ಲಿ ಹೇಳಿದ ನಿಯಮದಂತೆ ಒಂದು ಚುಕ್ಕೆಗೆ ಎರಡೇ ಎಲೆಕ್ಟ್ರಾನ್, ಒಂದರ ಸ್ಪಿನ್ (ಎಲೆಕ್ಟ್ರಾನಿಗೆ ಹುಟ್ಟಿನಿಂದಲೇ ಇರುವ ತಿರುಗುವಿಕೆಯಂಥ ಗುಣ) ಮೇಲೆ, ಇನ್ನೊಂದರದ್ದು ಕೆಳಗೆ. ಕಡಿಮೆ ಶಕ್ತಿಯ ಚುಕ್ಕೆಯಿಂದ ತುಂಬುತ್ತಾ ಹೋದರೆ ತುಂಬಿದ ಭಾಗ ಒಂದು ಗೋಳವಾಗುತ್ತದೆ. ಆ ಗೋಳದ ತ್ರಿಜ್ಯದ ಘನ ಅಂದರೆ ಎಲೆಕ್ಟ್ರಾನ್ ಸಾಂದ್ರತೆಯನ್ನು ಪೈ ವರ್ಗದ ಮೂರು ಪಟ್ಟಿನಿಂದ ಗುಣಿಸಿದ್ದು. ಅಷ್ಟೇ ಸೂತ್ರ.

ತಪ್ಪಾಗುವುದು ಇಲ್ಲೇ. ಗಟ್ಟಿ ಗೋಡೆಯ ಪೆಟ್ಟಿಗೆ ಅಂದುಕೊಂಡರೆ ಚುಕ್ಕೆಗಳ ಅಂತರ ಅರ್ಧಕ್ಕಿಳಿಯುತ್ತದೆ, ಆದರೆ ಗೋಳದ ಎಂಟನೇ ಒಂದು ಭಾಗವನ್ನು ಮಾತ್ರ ಎಣಿಸಬೇಕು. ಒಂದು ತುದಿಯನ್ನು ಇನ್ನೊಂದು ತುದಿಗೆ ಸೇರಿಸಿದ ಪೆಟ್ಟಿಗೆಯಾದರೆ ಇಡೀ ಗೋಳ. ಎರಡರಲ್ಲೂ ಉತ್ತರ ಒಂದೇ. ಎರಡನ್ನೂ ಬೆರೆಸಿದರೆ ಶಕ್ತಿ ನಾಲ್ಕು ಪಟ್ಟು ತಪ್ಪುತ್ತದೆ. ಸ್ಪಿನ್‌ನ 2 ಮರೆತರೂ ಉತ್ತರ ಶೇ 59ರಷ್ಟು ಜಾಸ್ತಿ ಬರುತ್ತದೆ. ಸೂತ್ರ ಬಾಯಿಪಾಠ ಮಾಡಿದವರಿಗೆ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಈಗ ತಾಮ್ರದ ಸಂಖ್ಯೆಗಳನ್ನು ಹಾಕಿ. ತ್ರಿಜ್ಯ ಮೀಟರಿಗೆ 1.36 × 10¹⁰. ಅಂಚಿನಲ್ಲಿರುವ ಎಲೆಕ್ಟ್ರಾನಿನ ಶಕ್ತಿ, ಅಂದರೆ ಫರ್ಮಿ ಶಕ್ತಿ, ಸುಮಾರು 7 ಎಲೆಕ್ಟ್ರಾನ್ ವೋಲ್ಟ್. ವೇಗ ಸೆಕೆಂಡಿಗೆ ಸುಮಾರು 1,570 ಕಿಲೋಮೀಟರ್. ಸೊನ್ನೆ ಕೆಲ್ವಿನ್‌ನಲ್ಲೂ ಇಷ್ಟು ವೇಗ! ಆ ಶಕ್ತಿಯನ್ನು ತಾಪಮಾನಕ್ಕೆ ತಿರುಗಿಸಿದರೆ 80,000 ಕೆಲ್ವಿನ್‌ಗೂ ಮೇಲೆ. ಕೋಣೆಯ 300 ಕೆಲ್ವಿನ್ ಅದರ ಮುಂದೆ ಏನೂ ಅಲ್ಲ. ಸೊನ್ನೆ ಅಂದುಕೊಂಡು ಶುರು ಮಾಡಿದ್ದು ಅದಕ್ಕೇ ಸರಿ.

ಸರಾಸರಿ ಶಕ್ತಿ ಫರ್ಮಿ ಶಕ್ತಿಯ ಐದನೇ ಮೂರು ಭಾಗ. ಅರ್ಧ ಅಲ್ಲ, ಏಕೆಂದರೆ ಗೋಳದ ಹೊರಪದರಗಳಲ್ಲೇ ಹೆಚ್ಚು ಚುಕ್ಕೆಗಳಿವೆ. ಪೆಟ್ಟಿಗೆ ಕುಗ್ಗಿಸಿದರೆ ಈ ಶಕ್ತಿ ಏರುತ್ತದೆ, ಅದೇ ಒತ್ತಡ. ತಾಮ್ರದಲ್ಲಿ ಅದು 38 ಗಿಗಾಪ್ಯಾಸ್ಕಲ್, ನಮ್ಮ ವಾತಾವರಣದ ಒತ್ತಡದ ಸುಮಾರು 3.8 ಲಕ್ಷ ಪಟ್ಟು. ಲೋಹವನ್ನು ಹಿಂಡುವುದು ಕಷ್ಟವಾಗಲು ಇದು ಒಂದು ದೊಡ್ಡ ಕಾರಣ. ಉರಿದು ಮುಗಿದು ಕುಗ್ಗಿದ ಬಿಳಿ ಕುಬ್ಜ ನಕ್ಷತ್ರ ಕುಸಿಯದೆ ನಿಂತಿರುವುದೂ ಎಲೆಕ್ಟ್ರಾನ್‌ಗಳ ಇದೇ ಬಗೆಯ ಒತ್ತಡದಿಂದ. 1926ರಲ್ಲಿ ಫೌಲರ್ ಅದನ್ನು ತೋರಿಸಿದರು.

ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾದ ಭಾಗ ಶಾಖದ್ದು. ಹಳೆಯ ಸಿದ್ಧಾಂತದ ಪ್ರಕಾರ ಲೋಹದ ಎಲೆಕ್ಟ್ರಾನ್‌ಗಳು ಸಾಮಾನ್ಯ ಅನಿಲದಂತೆ ಶಾಖ ಹೀರಬೇಕಿತ್ತು. ಪ್ರಯೋಗದಲ್ಲಿ ಅದು ಕಾಣಲೇ ಇಲ್ಲ. ಸೋಮರ್‌ಫೆಲ್ಡ್ 1927-28ರಲ್ಲಿ ಫರ್ಮಿಯ ಎಣಿಕೆಯನ್ನು ಲೋಹಕ್ಕೆ ಹಚ್ಚಿದಾಗ ಗಂಟು ಬಿಚ್ಚಿತು. ಒಳಗಿನ ಎಲೆಕ್ಟ್ರಾನಿಗೆ ಸ್ವಲ್ಪ ಶಾಖ ಕೊಟ್ಟರೂ ಅದು ಏರುವ ಜಾಗ ಆಗಲೇ ತುಂಬಿರುತ್ತದೆ. ಕಿಕ್ಕಿರಿದ ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಂತವರು ಮಾತ್ರ ಇಳಿಯಬಹುದು, ಅಲ್ವಾ? ಇಲ್ಲೂ ಅಂಚಿನವಕ್ಕೆ ಮಾತ್ರ ಅವಕಾಶ. ಕೋಣೆಯ ತಾಪಮಾನದಲ್ಲಿ ತಾಮ್ರದ ಎಲೆಕ್ಟ್ರಾನ್‌ಗಳು ಹೀರುವುದು ಹಳೆಯ ಅಂದಾಜಿನ ಶೇ 1ಕ್ಕಿಂತ ತುಸು ಜಾಸ್ತಿ, ಅಷ್ಟೇ.

ತೀರಾ ತಣ್ಣಗೆ ಮಾಡಿ ಅಳೆದರೆ ಈ ಪಾಲು ಬೇರೆಯಾಗಿ ಸಿಗುತ್ತದೆ. ತಾಪಮಾನದ ಜೊತೆ ಎಲೆಕ್ಟ್ರಾನ್‌ಗಳ ಶಾಖ ಹೀರುವ ಶಕ್ತಿ ಎಷ್ಟು ಏರುತ್ತದೆ ಅನ್ನುವುದಕ್ಕೆ ಲೆಕ್ಕ ಕೊಡುವ ಗುಣಾಂಕ ಸುಮಾರು 0.5 ಮಿಲಿಜೂಲ್, ಒಂದು ಮೋಲ್‌ಗೆ, ಕೆಲ್ವಿನ್ ವರ್ಗಕ್ಕೆ. ಅಳತೆ ಕೊಡುವುದು ಸುಮಾರು 0.7. ಈ ವ್ಯತ್ಯಾಸ ನೋಡಿ ಬೇಜಾರಾಗಬೇಡಿ. ಜಾಲಕ (ತಾಮ್ರದ ಪರಮಾಣುಗಳ ಸಾಲು ಜೋಡಣೆ), ಅದರ ಕಂಪನಗಳು, ಒಂದನ್ನೊಂದು ತಳ್ಳುವ ಎಲೆಕ್ಟ್ರಾನ್‌ಗಳು, ಹೀಗೆ ನಾವು ಮರೆತಿದ್ದೆಲ್ಲ ಅಲ್ಲಿ ಅಡಗಿದೆ. ಅದನ್ನು ಎಲೆಕ್ಟ್ರಾನಿನ ತೂಕವೇ ಸುಮಾರು 1.4 ಪಟ್ಟು ಆದಂತೆ ಬರೆಯುವುದು ರೂಢಿ.

ಎಲೆಕ್ಟ್ರಾನ್‌ಗಳ ಬದಲು ಪರಮಾಣುಗಳದೇ ಫರ್ಮಿ ಅನಿಲವೂ ಇದೆ. 1999ರಲ್ಲಿ ಡೆಬೊರಾ ಜಿನ್ ಮತ್ತು ಬ್ರಯಾನ್ ಡಿಮಾರ್ಕೊ ಅಮೆರಿಕದ ಕೊಲರಾಡೊದಲ್ಲಿ ಪೊಟ್ಯಾಸಿಯಂ-40 ಪರಮಾಣುಗಳನ್ನು ಒಂದು ಮೈಕ್ರೋಕೆಲ್ವಿನ್‌ಗಿಂತ ಕೆಳಕ್ಕೆ ತಣಿಸಿದರು. ಅಲ್ಲಿ ಪೆಟ್ಟಿಗೆ ಇಲ್ಲ, ಕಾಂತೀಯ ಬಲೆ ಇದೆ. ಮೇಲಿನ ಗೋಳದ ಸೂತ್ರವನ್ನು ಹಾಗೇ ಎತ್ತಿ ಹಾಕಿದರೆ ಉತ್ತರ ತಪ್ಪು. ಸ್ಪ್ರಿಂಗಿನಂಥ ಬಲೆಯ ಶಕ್ತಿಮಟ್ಟಗಳನ್ನು ಕೆಳಗಿನಿಂದ ಎಣಿಸಬೇಕು, ಪ್ರತಿ ಸ್ಪಿನ್ ಸ್ಥಿತಿಯ ಪರಮಾಣುಗಳನ್ನು ಬೇರೆಬೇರೆಯಾಗಿ. ಆಗ ಫರ್ಮಿ ಶಕ್ತಿ ಪರಮಾಣುಗಳ ಸಂಖ್ಯೆಯ ಘನಮೂಲದಂತೆ ಏರುತ್ತದೆ. ಕಾಗದ ತೆಗೆದುಕೊಂಡು ಒಮ್ಮೆ ಮಾಡಿ ನೋಡಿ, ಅರ್ಧ ಗಂಟೆಯ ಕೆಲಸ.