ಮೀಟರಿಗೆ ಹಣ ನಮ್ಮದು, ಒಪ್ಪಿಗೆ ಯಾರದ್ದು?

ಮನೆ ಕಟ್ಟಿಸುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಅಂಗಡಿಗೆ ಬಂದು ಖರ್ಚಿನ ಪಟ್ಟಿಯನ್ನು ಮೇಜಿನ ಮೇಲಿಟ್ಟರು. 'ವೈರು ಯಾವ ಕಂಪನಿಯದಿರಲಿ ಎಂದು ಕೇಳಿದಿರಿ. ಸ್ವಿಚ್ಚಿನ ಬಣ್ಣವನ್ನೂ ಕೇಳಿದಿರಿ. ಬಳಕೆಯ ಲೆಕ್ಕವನ್ನು ತಾನೇ ಕಂಪನಿಗೆ ಕಳುಹಿಸುವ ಈ ಸ್ಮಾರ್ಟ್ ಮೀಟರಿನ ವಿಷಯದಲ್ಲಿ ಮಾತ್ರ ಯಾರೂ ನನ್ನನ್ನು ಏನೂ ಕೇಳಲಿಲ್ಲವಲ್ಲ?' ಎಂದರು.

ವಿದ್ಯುತ್ ಗುತ್ತಿಗೆದಾರನಾಗಿ ಮನೆ ಮನೆಗೆ ಸಂಪರ್ಕ ಕೊಡಿಸುವುದೇ ನನ್ನ ಕಸುಬು. ಉತ್ತರ ನನ್ನ ಬಳಿ ಇತ್ತು, ಆದರೆ ಅದು ಅವರಿಗೆ ರುಚಿಸುವಂಥದ್ದಾಗಿರಲಿಲ್ಲ.

ಮೀಟರೇ ಬೇಡ ಎನ್ನಲು ಯಾರಿಗೂ ಅವಕಾಶವಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 55ನೇ ಕಲಂ ಪ್ರಕಾರ ಸರಿಯಾದ ಮೀಟರ್ ಇಲ್ಲದೆ ವಿದ್ಯುತ್ ಪೂರೈಸುವಂತಿಲ್ಲ. ಆದರೆ ಅದೇ ಕಲಂ ಗ್ರಾಹಕನಿಗೆ ಒಂದು ಸಣ್ಣ ಸ್ವಾತಂತ್ರ್ಯವನ್ನೂ ಕೊಟ್ಟಿದೆ: ಮೀಟರನ್ನು ಕಂಪನಿಯಿಂದ ಬಾಡಿಗೆಗೆ ಪಡೆಯಬಹುದು, ಇಲ್ಲವೇ ತಾನೇ ಕೊಳ್ಳಬಹುದು. 47ನೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಮೊದಲೇ ಹಣ ತುಂಬಿ ಬಳಸುವ ಪ್ರಿಪೇಯ್ಡ್ ಮೀಟರಿಗೆ ಸಿದ್ಧನಿದ್ದರೆ ಅಂಥವನಿಂದ ಬಿಲ್ಲಿನ ಬಾಬ್ತು ಭದ್ರತಾ ಠೇವಣಿ ಕೇಳುವಂತಿಲ್ಲ. 'ಸಿದ್ಧನಿದ್ದರೆ' ಎಂಬ ಪದವನ್ನು ಗಮನಿಸಿ. ಪ್ರಿಪೇಯ್ಡ್ ಎನ್ನುವುದು ಗ್ರಾಹಕ ಆರಿಸಿಕೊಳ್ಳುವ ದಾರಿ ಎಂದೇ ಕಾಯ್ದೆ ಬರೆದವರು ಭಾವಿಸಿದ್ದರು. 2020ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು ಇದನ್ನು ತಿರುವುಮುರುವು ಮಾಡಿದವು. ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಪ್ರಿಪೇಯ್ಡ್ ಅಥವಾ ಪ್ರಿಪೇಯ್ಡ್ ಮೀಟರೇ ಇರಬೇಕು, ವಿನಾಯಿತಿ ಬೇಕಿದ್ದರೆ ರಾಜ್ಯದ ನಿಯಂತ್ರಣ ಆಯೋಗ ಒಪ್ಪಬೇಕು. ಈ ನಿಯಮಗಳ ಹೆಸರು 'ಗ್ರಾಹಕರ ಹಕ್ಕುಗಳು'. ಮೇಷ್ಟ್ರು ನಕ್ಕರು, ನಾನೂ ನಕ್ಕೆ.

ನಮ್ಮಲ್ಲಿ 2025ರ ಫೆಬ್ರವರಿಯಲ್ಲಿ ಬೆಂಗಳೂರು ಭಾಗದ ವಿದ್ಯುತ್ ಕಂಪನಿ ಬೆಸ್ಕಾಂ ಹೊಸ ಮತ್ತು ತಾತ್ಕಾಲಿಕ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಅದುವರೆಗೆ ಸಾವಿರ ರೂಪಾಯಿಯೊಳಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರಿನ ಜಾಗಕ್ಕೆ ಸುಮಾರು 5 ಸಾವಿರದ್ದು ಬಂತು. ವಿಷಯ ವಿಧಾನಸಭೆಗೂ ಹೈಕೋರ್ಟಿಗೂ ಹೋದದ್ದು ಬಹುಮಟ್ಟಿಗೆ ಈ ಬೆಲೆಯಿಂದಾಗಿ. ವಿದ್ಯುತ್ ವಿತರಣೆ ಸುಧಾರಿಸಲು ನೆರವು ಕೊಡುವ ಕೇಂದ್ರದ ಆರ್‌ಡಿಎಸ್‌ಎಸ್ ಯೋಜನೆಗೆ ಸೇರಿದ ರಾಜ್ಯಗಳಲ್ಲಿ ಮೀಟರ್ ಹಾಕುವ ಕಂಪನಿಯೇ ಮೊದಲು ಹಣ ಹೂಡಿ, ಆಮೇಲೆ ತಿಂಗಳು ತಿಂಗಳು ವಸೂಲು ಮಾಡಿಕೊಳ್ಳುತ್ತದೆ. ಕರ್ನಾಟಕ ಅದಕ್ಕೆ ಸೇರಲಿಲ್ಲ. ಹಾಗಾಗಿ ಇಲ್ಲಿ ಮನೆಯವನು ಒಂದೇ ಏಟಿಗೆ ಕೊಡಬೇಕು. ಅಲ್ಲಿ ಪುಕ್ಕಟೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದರದೊಳಗೆ ಅಡಗಿ ಕೂತ ಖರ್ಚು ಕಾಣುವುದಿಲ್ಲ, ಅಷ್ಟೇ.

ದುಬಾರಿ ಎನಿಸಿದರೆ ಗ್ರಾಹಕ ಬೇರೆ ಅಂಗಡಿಗೆ ಹೋಗಬೇಕು. ವಿದ್ಯುತ್ತಿಗೆ ಬೇರೆ ಅಂಗಡಿ ಎಲ್ಲಿದೆ? ಹಳೆಯ ವಿದ್ಯುತ್ ಮಂಡಳಿ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಎಂಬ ನಿಗಮವಾಯಿತು, 2002ರಿಂದ ಎಸ್ಕಾಂಗಳು, ಅಂದರೆ ಬೆಸ್ಕಾಂನಂಥ ವಿತರಣಾ ಕಂಪನಿಗಳು, ಹುಟ್ಟಿದವು. ಊರು ಹಂಚಿಕೊಂಡರೇ ಹೊರತು ಸ್ಪರ್ಧೆಗೆ ಇಳಿಯಲಿಲ್ಲ. ಒಂದೇ ಪ್ರದೇಶದಲ್ಲಿ ಇಬ್ಬರು ಪೂರೈಕೆದಾರರಿಗೆ ಪರವಾನಗಿ ಕೊಡಲು ಕಾಯ್ದೆಯ 14ನೇ ಕಲಂ ಅವಕಾಶ ಕೊಡುತ್ತದೆ. ಮುಂಬೈ ಉಪನಗರಗಳಲ್ಲಿ ಟಾಟಾ ಪವರ್ ಮತ್ತು ಅದಾನಿ ನಡುವೆ ಬದಲಾಯಿಸಿಕೊಳ್ಳಬಲ್ಲ ಮನೆಗಳಿವೆ. ನಮ್ಮ ಮೇಷ್ಟ್ರಿಗೆ ಆ ಭಾಗ್ಯವಿಲ್ಲ. ಒಂದೇ ಬಾಗಿಲಿರುವ ಕಡೆ ಅರ್ಜಿಗೆ ಹಾಕಿದ ಸಹಿಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬಾರದು. ಒಪ್ಪಿಗೆಯ ಜೊತೆಗೆ ಮನೆಯ ಗುಟ್ಟಿನ ಪ್ರಶ್ನೆಯೂ ಇದೆ. ಅಮೆರಿಕದ ಇಲಿನಾಯ್ ರಾಜ್ಯದ ನೇಪರ್‌ವಿಲ್‌ನಲ್ಲಿ ನಗರಾಡಳಿತವೇ ವಿದ್ಯುತ್ ಮಾರುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಮನೆಯ ಬಳಕೆ ದಾಖಲಿಸುವ ಮೀಟರುಗಳ ವಿರುದ್ಧ ಅಲ್ಲಿನ ನಿವಾಸಿಗಳು ದಾವೆ ಹೂಡಿದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ, ಈ ದಾಖಲೆ ಸಂವಿಧಾನದ ಅರ್ಥದಲ್ಲಿ ಮನೆಯ ಶೋಧನೆಯೇ ಎಂದಿತು; ಆದರೆ ಉದ್ದೇಶ ಸಮಂಜಸವಾಗಿದೆ ಎಂದು ನಗರದ ಪರವಾಗಿಯೇ ತೀರ್ಪು ಕೊಟ್ಟಿತು. ನಮ್ಮಲ್ಲಿ ಬೆಲೆಯ ಗದ್ದಲದಲ್ಲಿ ಈ ಪ್ರಶ್ನೆಯನ್ನು ಎತ್ತಿದವರೇ ಕಡಿಮೆ. ಗೀಸರ್ ಎಷ್ಟು ಹೊತ್ತಿಗೆ ಹಾಕುತ್ತೀರಿ, ಯಾವ ವಾರ ಊರಲ್ಲಿರಲಿಲ್ಲ ಎಂಬುದೆಲ್ಲ ಆ ಅಂಕಿಗಳಲ್ಲಿ ಓದಲು ಸಿಗುತ್ತದೆ.

ಇನ್ನು 'ಸ್ಮಾರ್ಟ್ ಮೀಟರ್ ಓಡುತ್ತದೆ' ಎಂಬ ದೂರು. ಇಲ್ಲಿ ನಾನು ಮೀಟರಿನ ಪರ. ಒಂದು ಮನೆಯಲ್ಲಿ ಕೆಳಗಿನ ಬಾಡಿಗೆದಾರ ಮೇನ್ ಆರಿಸಿ ಹದಿನೈದು ದಿನ ಊರಿಗೆ ಹೋಗಿದ್ದರೂ ಬಿಲ್ಲು ಬಂದಿತ್ತು. ಹೋಗಿ ನೋಡಿದೆ. ಕೆಳಮನೆಯ ಮೇನ್ ಆರಿಸಿಯೇ ಇತ್ತು, ಆದರೂ ಬಳಕೆಗೆ ತಕ್ಕಂತೆ ಬಡಿಯುವ ಅವನ ಮೀಟರಿನ ಕೆಂಪು ದೀಪ ಮಿನುಗುತ್ತಿತ್ತು. ಮೇಲಿನವರಿಗೆ ಗೀಸರ್ ಹಾಕಲು ಹೇಳಿದೆ, ದೀಪ ಪಟಪಟ ಬಡಿಯತೊಡಗಿತು. ಆರಿಸಲು ಹೇಳಿದೆ, ನಿಧಾನವಾಯಿತು. ಮೇಲಂತಸ್ತು ಕಟ್ಟುವಾಗ ಯಾರೋ ವೈರು ಉಳಿಸಲು ಕೆಳಮನೆಯ ನ್ಯೂಟ್ರಲ್ಲಿಗೇ, ಅಂದರೆ ವಿದ್ಯುತ್ ಮರಳಿ ಹೋಗುವ ತಂತಿಗೇ, ಮೇಲಿನದನ್ನು ಸೇರಿಸಿದ್ದರು. ಮೇನ್ ಸ್ವಿಚ್ಚು ವಿದ್ಯುತ್ ತರುವ ತಂತಿಯಾದ ಫೇಸನ್ನು ಮಾತ್ರ ಕತ್ತರಿಸುತ್ತಿತ್ತು. ಕಳ್ಳತನ ಹಿಡಿಯಲೆಂದು ಈಗಿನ ಮೀಟರುಗಳು ಫೇಸ್, ನ್ಯೂಟ್ರಲ್ ಎರಡನ್ನೂ ಅಳೆದು ಯಾವುದು ಹೆಚ್ಚೋ ಅದನ್ನು ಬರೆದುಕೊಳ್ಳುತ್ತವೆ. ಮೇಲಿನವರ ನೀರು ಕಾದದ್ದು ಮೇಲಿನ ಮೀಟರಿನಲ್ಲೂ ದಾಖಲಾಯಿತು, ಕೆಳಗಿನದರಲ್ಲೂ ದಾಖಲಾಯಿತು. ಹಳೆಯ ಚಕ್ರದ ಮೀಟರ್ ಇದನ್ನು ನೋಡುತ್ತಲೇ ಇರಲಿಲ್ಲ. ನ್ಯೂಟ್ರಲ್ ಬೇರ್ಪಡಿಸಲು ಅರ್ಧ ದಿನ ಹಿಡಿಯಿತು. ಬಾಡಿಗೆದಾರನಿಗೆ ಮಾತ್ರ ಅದುವರೆಗೆ ಕಟ್ಟಿದ್ದನ್ನು ಮನೆಯೊಡೆಯರಿಂದ ವಸೂಲು ಮಾಡಲಾಗಲಿಲ್ಲ.

ಆದ್ದರಿಂದ ಮೀಟರ್ ಬದಲಿಸುವ ದಿನ, ಮೇಲೊಂದು ಕೆಳಗೊಂದು ಮನೆಯಿದ್ದರೆ, ಎರಡು ಮನೆಯವರೂ ಇರಿ. ಹಳೆಯ ಮೀಟರಿನ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಮೇನ್ ಆರಿಸಿ ಕೆಂಪು ದೀಪವನ್ನು ಸ್ವಲ್ಪ ಹೊತ್ತು ನೋಡಿ. ಒಮ್ಮೆಗೆ ಇಷ್ಟು ಬಳಸಬಹುದೆಂದು ಕಂಪನಿ ಮಂಜೂರು ಮಾಡಿದ ಲೋಡಿಗಿಂತ ಹಿಂದೆ ಹೆಚ್ಚು ಬಳಸಿದ್ದೀರೆಂದು ಹೊಸ ಮೀಟರಿನ ಆಧಾರದ ಮೇಲೆ ಯಾರಾದರೂ ದಂಡ ಹೇರಲು ಬಂದರೆ ಅದೇ 'ಗ್ರಾಹಕರ ಹಕ್ಕುಗಳು' ನಿಯಮಗಳ 2023ರ ತಿದ್ದುಪಡಿಯನ್ನು ತೋರಿಸಿ; ಮೀಟರ್ ಹಾಕುವ ಮುಂಚಿನ ಅವಧಿಗೆ ಹಾಗೆ ದಂಡ ಹಾಕುವಂತಿಲ್ಲ.

ವೈರಿಂಗ್ ಸರಿಯಿದ್ದೂ ರೀಡಿಂಗ್ ಮೇಲೆ ಅನುಮಾನ ಉಳಿದರೆ ಅದೇ ನಿಯಮಗಳ 2024ರ ಫೆಬ್ರವರಿಯ ತಿದ್ದುಪಡಿ ಕೈ ಹಿಡಿಯುತ್ತದೆ. ದೂರು ಕೊಟ್ಟ ಐದು ದಿನದೊಳಗೆ ಕಂಪನಿ ಪಕ್ಕದಲ್ಲಿ ಇನ್ನೊಂದು ಮೀಟರ್ ಕೂರಿಸಿ, ಕನಿಷ್ಠ ಮೂರು ತಿಂಗಳು ಎರಡರ ಲೆಕ್ಕವನ್ನೂ ತಾಳೆ ನೋಡಬೇಕು. ಮೇಷ್ಟ್ರಿಗೆ ಇದನ್ನು ಹೇಳಿದಾಗ ಜೇಬಿನಿಂದ ಪೆನ್ನು ತೆಗೆದು ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡರು. ಬಾಯಿಮಾತಿನ ದೂರು ನಡೆಯುವುದಿಲ್ಲ ಎಂದೂ ಸೇರಿಸಿದೆ. ಬಿಲ್ಲಿನ ಮೇಲಿರುವ ನಿಮ್ಮ ಸಂಪರ್ಕದ ಆರ್.ಆರ್. ನಂಬರ್ ಹಾಕಿ ಅರ್ಜಿ ಬರೆದು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮುದ್ರೆ ಮತ್ತು ತಾರೀಕು ಹಾಕಿಸಿಕೊಳ್ಳಿ. ಐದು ದಿನದ ಎಣಿಕೆ ಆ ಮುದ್ರೆಯಿಂದ ಶುರು.