ಉಪ್ಪಾಗೆ ಕೊಯ್ಲಿಗೆ ದಿನ ಗೊತ್ತು ಮಾಡುವವರು ಯಾರು?

ಆಷಾಢದ ಮಳೆ ಹಿಡಿದ ಮೇಲೆ ಸಾಗರ, ಹೊಸನಗರದ ಕಾನಿನಂಚಿನ ಮನೆಗಳ ಹಿತ್ತಿಲಿನಲ್ಲಿ ಹಗಲಿಡೀ ಹೊಗೆ. ಬಿದಿರಿನ ತಟ್ಟಿಯ ಮೇಲೆ ಕಾಡಿನ ಹುಳಿಹಣ್ಣು ಉಪ್ಪಾಗೆಯ ಸಿಪ್ಪೆ, ಕೆಳಗೆ ಸೌದೆಯ ಬೆಂಕಿ. ಅರಣ್ಯ ಇಲಾಖೆಯ ಜೊತೆ ಸೇರಿ ಊರಿನವರೇ ಕಾಡು ನೋಡಿಕೊಳ್ಳುವ ಗ್ರಾಮ ಅರಣ್ಯ ಸಮಿತಿಗಳ ಜೊತೆ ಕೆಲಸ ಮಾಡುವ ನಾನು ಊರಿಗೆ ಹೋದರೆ ನಡಾವಳಿ ಪುಸ್ತಕ ಕೇಳುವ ಮೊದಲು ಈ ತಟ್ಟಿಯತ್ತ ಹೋಗುತ್ತೇನೆ. ಸಿಪ್ಪೆ ದಪ್ಪಗೆ, ಮೆತ್ತಗೆ, ಕಪ್ಪಾಗಿದ್ದರೆ ಕಾಯಿ ಹಣ್ಣಾಗುವವರೆಗೆ ಊರು ಕಾದಿದೆ, ಸಮಿತಿ ಬದುಕಿದೆ. ತೆಳ್ಳಗೆ ಸುರುಟಿಕೊಂಡಿದ್ದರೆ ಅದು ಎಳೆಗಾಯಿ. ಅಲ್ಲಿ ಸಮಿತಿ ಇರುವುದು ಕಾಗದದಲ್ಲಿ.

‘ಕಾಯಿ ಇನ್ನೂ ಹಸಿರಲ್ಲವೇ ಅಮ್ಮಾ?’ ಎಂದು ಒಮ್ಮೆ ತಟ್ಟಿಯ ಬಳಿ ಕೂತಿದ್ದ ಹೆಂಗಸೊಬ್ಬರನ್ನು ಕೇಳಿದ್ದೆ. ‘ನಾವು ಬಿಟ್ಟರೆ ಆಚೆ ಕೇರಿಯವರು ಬಿಡುತ್ತಾರೆಯೇ ಮಾರಾಯರೇ?’ ಎಂದರು. ಹಣ್ಣಾದರೆ ತೂಕ ಹೆಚ್ಚೆಂದು ಆಕೆಗೆ ಗೊತ್ತಿಲ್ಲವೆಂದಲ್ಲ, ನನಗಿಂತ ಚೆನ್ನಾಗಿ ಗೊತ್ತು. ಇಂಥವರಿಗೆ ‘ಜಾಗೃತಿ ಶಿಬಿರ’ ನಡೆಸಿ ಊಟ ಹಾಕಿಸಿ ಕಳಿಸುವುದನ್ನು ನಾವೂ ಮಾಡಿದ್ದೇವೆ, ನಾಚಿಕೆಯಿಂದಲೇ ಹೇಳುತ್ತೇನೆ.

ಹಿಂದೆ ಈ ಅವಸರ ಇರಲಿಲ್ಲ. ಬೀಜದಿಂದ ಮನೆಗೆ ಬೇಕಾದಷ್ಟು ಉಪ್ಪಾಗೆ ತುಪ್ಪ ತೆಗೆಯುತ್ತಿದ್ದರು; ಸಿಪ್ಪೆ ಮೀನು ಸಾರಿನ ಹುಳಿಗೆಂದು ಕೇರಳದ ಕಡೆ ಹೋಗುತ್ತಿತ್ತು. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗಳಿಗೆ ಇದರ ಸಾರ ಬೇಕೆಂದು ವಿದೇಶದಿಂದ ಬೇಡಿಕೆ ಬಂತು. ಬೆಲೆ ಏರಿತು. ಮರ ಹತ್ತಲು ಪುರುಸೊತ್ತಿಲ್ಲದವರು ಕೊಂಬೆಯನ್ನೇ ಕಡಿದು ಕೆಳಗೆ ಕೂತು ಕಾಯಿ ಬಿಡಿಸಿದರು. ಎಳೆಗಾಯಿಯ ಬೀಜ ಮೊಳೆಯುವುದಿಲ್ಲ. ಬಲಿತ ಬೀಜವೂ ಮೊಳಕೆಗೆ ತಿಂಗಳುಗಟ್ಟಲೆ ಕಾಯಿಸುತ್ತದೆ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡುವುದಿಲ್ಲವೆಂದು ಗಂಡು ಮರವನ್ನು ಕಡಿದು, ಹೆಣ್ಣು ಮರದ ಕಾಯಿ ಒಣಗಿಸುವ ಒಲೆಗೇ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಶರಾವತಿ ಕಣಿವೆಯ ಸಿಂಗಳೀಕಕ್ಕೂ ಈ ಹಣ್ಣಿನಲ್ಲಿ ಪಾಲಿದೆ, ಆದರೆ ಅದು ಸಭೆಗೆ ಬರುವುದಿಲ್ಲ.

ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿ ಮಾಡಿಕೊಟ್ಟಿದ್ದು 1993ರ ಸರ್ಕಾರಿ ಆದೇಶ. ನಾನು ಕಂಡ ಹೆಚ್ಚಿನ ಕಡೆ ಸಮಿತಿ ಅಕೇಶಿಯಾ ನೆಟ್ಟು, ಕಡಿದು, ಪಾಲು ಹಂಚಿ ಮಲಗಿತು. 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗಿ ಉಪ್ಪಾಗೆಯಂಥ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಟ್ಟಿತು. ಸಮುದಾಯದ ಕಾಡನ್ನು ಯಾರು, ಹೇಗೆ ಬಳಸಬೇಕೆಂದು ಗೊತ್ತುಮಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತು. ಆದರೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ತೋರಿಸಬೇಕು. ಮಲೆನಾಡಿನ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರೇ ಮುಳುಗಿದವರು ಯಾವ ಮನೆಯ ಗೋಡೆ ತೋರಿಸಬೇಕು?

ಹಕ್ಕುಪತ್ರ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ನಾನು ಹೋಗಿಬರುವ ಒಂದು ಊರಿನಲ್ಲಿ ಮಾಡಿದ್ದು ಇಷ್ಟೇ: ಊರಿನ ಸಭೆಯಲ್ಲಿ ಗೊತ್ತು ಮಾಡಿದ ದಿನಕ್ಕಿಂತ ಮೊದಲು ಯಾರೂ ಮರ ಹತ್ತುವಂತಿಲ್ಲ, ಕೊಂಬೆ ಕಡಿಯುವಂತಿಲ್ಲ, ಸಿಪ್ಪೆಯನ್ನು ಎಲ್ಲರೂ ಒಟ್ಟಿಗೇ ಮಾರಬೇಕು. ಸೌದೆ ಕಡಿಮೆ ತಿನ್ನುವ, ಮುಚ್ಚಿದ ಒಲೆ ಆಮೇಲೆ ಬಂತು. ಅನುದಾನ ಬರೆಯುವವರು ಒಲೆಯಿಂದ ಶುರು ಮಾಡುತ್ತಾರೆ, ಏಕೆಂದರೆ ಅದರ ಫೋಟೋ ತೆಗೆಯಬಹುದು. ದಿನದ ಫೋಟೋ ತೆಗೆಯುವುದು ಹೇಗೆ?

ಮೊದಲ ವರ್ಷವೇ ಒಂದು ಮನೆಯಲ್ಲಿ ನಾಲ್ಕು ದಿನ ಮೊದಲೇ ಹೊಗೆ ಎದ್ದಿತು. ದಂಡ ಹಾಕಲಿಲ್ಲ; ಆ ಸಿಪ್ಪೆಯನ್ನು ಒಟ್ಟು ಮಾರಾಟಕ್ಕೆ ಸೇರಿಸಿಕೊಳ್ಳಲಿಲ್ಲ, ಅಷ್ಟೇ. ಮರುವರ್ಷ ಸಭೆಗೆ ಮೊದಲು ಬಂದು ಕುಳಿತವರು ಆ ಮನೆಯ ಯಜಮಾನರೇ. ತಮ್ಮ ಕಡೆಯ ಗುಡ್ಡಕ್ಕೆ ಬಿಸಿಲು ಹೆಚ್ಚು, ಅಲ್ಲಿ ಕಾಯಿ ಮೊದಲೇ ಹಣ್ಣಾಗುತ್ತದೆ ಎಂಬುದು ಅವರ ತಕರಾರು. ಜಿಗಣೆ ಕಚ್ಚಿಸಿಕೊಂಡು ಎಲ್ಲರೂ ಹೋಗಿ ನೋಡಿದೆವು. ಮರದಡಿ ಹಳದಿ ಹಣ್ಣು ಉದುರಿ ಬಿದ್ದಿತ್ತು. ಈಗ ಆ ಊರಿನಲ್ಲಿ ಕೊಯ್ಲಿಗೆ ಎರಡು ದಿನ ಗೊತ್ತು ಮಾಡುತ್ತಾರೆ, ಗುಡ್ಡದ ಒಂದೊಂದು ಮಗ್ಗುಲಿಗೆ ಒಂದೊಂದು.